ಮಲೆನಾಡಿನ ತೊಟ್ಟಿಮನೆಯ ಅತಿಥಿಗಳಾಗಿ

ರಜೆ ಬಂತೆಂದರೆ ಮಕ್ಕಳಿಗೆ ಪ್ರವಾಸದ ಆಸೆ, ಹಿರಿಯರಿಗೆ ಖರ್ಚಿನ ಚಿಂತೆ. ಮನೆಯೊಡತಿಗಂತೂ ನೂರು ಯೋಚನೆ. ಹೋದಲ್ಲಿ ಉಳಿಯುವ ಜಾಗ ಹೇಗಿರುತ್ತದೋ, ಊಟಕ್ಕೆ ಏನು ಸಿಗುತ್ತದೋ, ಹೆಣ್ಣುಮಕ್ಕಳಿಗೆ ಮರೆ ಇರುತ್ತದೋ ಇಲ್ಲವೋ! ಕೊನೆಗೆ ಯಾವುದೋ ಪೇಟೆಯ ಲಾಡ್ಜಿನಲ್ಲಿ ಎರಡು ರಾತ್ರಿ ಕಳೆದು, ನಾಲ್ಕು ಫೋಟೊ ತೆಗೆದುಕೊಂಡು ಸುಸ್ತಾಗಿ ಮರಳುತ್ತೇವೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಇನ್ನೊಂದು ಬಗೆಯ ಪ್ರವಾಸ ಸಾಧ್ಯ. ಅಲ್ಲಿ ಜಲಪಾತ, ಕೋಟೆಗಳು ಇದ್ದೇ ಇವೆ. ಅವುಗಳ ಜೊತೆಗೆ ನಾವು ಉಳಿದುಕೊಳ್ಳುವ ಹಳೆಯ ಮನೆಯೇ ಒಂದು ನೋಡತಕ್ಕ ಸ್ಥಳ.

ಮಳೆ ಕಲಿಸಿದ ಪಾಠ

ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲೂಕಿನ ಹುಲಿಕಲ್ ಕೂಡ ಮಳೆಗೆ ಹೆಸರಾದ ಊರು. ಇಂಥ ಕಡೆ ಮನೆ ಕಟ್ಟುವವನು ಮೊದಲು ಮಳೆಯನ್ನು ಕೇಳಬೇಕು. ಮಲೆನಾಡಿನ ಹಿರಿಯರು ಕೇಳಿದರು. ಮಾಡನ್ನು ಕಡಿದಾಗಿ ಇಳಿಸಿದರು, ನೀರು ನಿಲ್ಲಲಿಲ್ಲ. ಸೂರನ್ನು ಮುಂದಕ್ಕೆ ಚಾಚಿದರು, ಮಣ್ಣಿನ ಗೋಡೆ ನೆನೆಯಲಿಲ್ಲ. ಸೂರಿನ ಕೆಳಗೆ ಜಗಲಿ ಬಂತು, ಬಂದವರಿಗೆ ಕೂರಲು ಜಾಗವಾಯಿತು. ಮಳೆಗಾಲಕ್ಕೆ ಮುನ್ನ ಗಾಳಿ ಬೀಸುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಗೋಡೆಗೆ ರಕ್ಷಣೆ ಕೊಟ್ಟರು.

ಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಗಾಳಿ, ಬೆಳಕು ಅಲ್ಲಿಂದಲೇ. ನಾಲ್ಕೂ ಕಡೆಯ ಮಾಡಿನ ನೀರು ಅದರೊಳಗೆ ಬಿದ್ದು ಮೋರಿಯಲ್ಲಿ ಹೊರಗೆ ಹರಿದುಹೋಗುತ್ತದೆ. ಹೊರಗಿನವರು ಜಗಲಿಯಲ್ಲಿ ಕುಳಿತು ಮಾತನಾಡಿ ಹೋಗಬಹುದು. ಒಳಗಿನ ಹೆಂಗಸರು ಯಾರ ಕಣ್ಣಿಗೂ ಬೀಳದೆ ತೊಟ್ಟಿಯ ಸುತ್ತ ಕೆಲಸ ಮಾಡಿಕೊಳ್ಳಬಹುದು, ಬಿಸಿಲು ಕಾಯಬಹುದು. ನಮ್ಮ ಮನೆಗಳಲ್ಲಿ ಪರದೆ ಹಾಕಿ ಮಾಡಿಕೊಳ್ಳುವ ಏರ್ಪಾಟನ್ನು ಇಲ್ಲಿ ಮನೆಯ ನಕ್ಷೆಯೇ ಮಾಡಿಕೊಟ್ಟಿದೆ.

ಗೋಡೆಗೆ ಅಲ್ಲಿನದೇ ಮಣ್ಣು ಮತ್ತು ಜಂಬಿಟ್ಟಿಗೆ. ಕರಾವಳಿಯ ನಾವು ಇದನ್ನೇ ಮುರಕಲ್ಲು ಎನ್ನುತ್ತೇವೆ. ಕಂಬ, ತೊಲೆ, ಬಾಗಿಲಿಗೆ ಕಾಡಿನ ಮರ. ಹಿಂದೆ ಹುಲ್ಲು, ಸೋಗೆ ಅಥವಾ ಕುಂಬಾರರ ನಾಡಹೆಂಚು ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿತು. ಮನೆಯ ಹಿಂದೆ ಗುಡ್ಡ, ಮೇಲೆ ಕಾಡು, ಕೆಳಗಿನ ಕಣಿವೆಯಲ್ಲಿ ಅಡಿಕೆ ತೋಟ ಮತ್ತು ಗದ್ದೆ. ಕಾಡಿನ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ತೋಟದ ಸೋಗೆ ಮನೆಗೆ. ಇಂಥ ಮನೆ ದೂರದಿಂದ ನೋಡಿದರೆ ಕಾಡಿನಲ್ಲಿ ಕರಗಿಹೋದಂತೆ ಕಾಣುತ್ತದೆ. ಅಲ್ಲಿನ ಮಣ್ಣು, ಮರಗಳಿಂದಲೇ ಎದ್ದ ಮನೆ ಬೇರೆ ಹೇಗೆ ಕಂಡೀತು?

ಆಗುಂಬೆಯ ದೊಡ್ಡಮನೆ

ಇಂಥ ಮನೆಗಳಲ್ಲಿ ಹೆಚ್ಚು ಜನಕ್ಕೆ ಪರಿಚಯವಿರುವುದು ಆಗುಂಬೆಯ ದೊಡ್ಡಮನೆ. ಆರ್.ಕೆ. ನಾರಾಯಣರ ಕತೆಗಳನ್ನು ಆಧರಿಸಿ ಶಂಕರ್‌ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಬಾಲಕ ಸ್ವಾಮಿಯ ಮನೆಯಾಗಿ ಕಂಡದ್ದು ಇದೇ. ನೂರು ವರ್ಷ ದಾಟಿದ ಈ ತೊಟ್ಟಿಮನೆಯ ಮರದ ಕಂಬಗಳು ಕೈಯಾಡಿಸಿ ಕೈಯಾಡಿಸಿ ನುಣುಪಾಗಿವೆ. ದಾರಿಹೋಕರಿಗೆ, ಪ್ರವಾಸಿಗರಿಗೆ ಊಟ, ವಸತಿ ಕೊಟ್ಟು ಹೆಸರಾದ ಮನೆಯಿದು. ಇಂತಿಷ್ಟೇ ದರ ಎಂದು ಕೇಳದೆ, ಅತಿಥಿಗಳು ಮನಸ್ಸಿಗೆ ಬಂದಷ್ಟು ಕೊಟ್ಟಿದ್ದನ್ನು ಪಡೆಯುವ ಪದ್ಧತಿಯೇ ಆ ಹೆಸರಿಗೆ ಕಾರಣ. ಹೋಮ್‌ಸ್ಟೇ ಎಂಬ ಪದ ನಮ್ಮಲ್ಲಿ ಬಳಕೆಗೆ ಬರುವ ಮೊದಲೇ ಮಲೆನಾಡಿನಲ್ಲಿ ಈ ಪದ್ಧತಿ ಇತ್ತು. ಮಳೆಯಲ್ಲಿ ಕತ್ತಲಾದ ಮೇಲೆ ಬಂದವನನ್ನು ಮುಂದಕ್ಕೆ ಕಳಿಸುವುದು ಆ ಕಾಡುದಾರಿಗಳಲ್ಲಿ ಸಾಧ್ಯವೇ ಇರಲಿಲ್ಲ.

ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಕುಪ್ಪಳಿ ಇದೆ. ರಾಷ್ಟ್ರಕವಿ ಕುವೆಂಪು (1904-1994) ಬಾಲ್ಯ ಕಳೆದ ಮನೆ ಇಂದು ‘ಕವಿಮನೆ’ ಎಂಬ ವಸ್ತುಸಂಗ್ರಹಾಲಯ. ಮೂರಂತಸ್ತಿನ ಈ ದೊಡ್ಡ ತೊಟ್ಟಿಮನೆಯಲ್ಲಿ ಉಳಿಯುವಂತಿಲ್ಲ, ನೋಡಿ ಬರಬಹುದು. ಆದರೆ ಇತರ ಮನೆಗಳಲ್ಲಿ ಉಳಿಯುವ ಮೊದಲು ಇದನ್ನು ನೋಡುವುದು ಒಳ್ಳೆಯದು. ಬಾಣಂತಿ ಕೋಣೆ ಎಲ್ಲಿರುತ್ತಿತ್ತು, ಬಚ್ಚಲಿನ ಹಂಡೆ ಎಷ್ಟು ದೊಡ್ಡದು, ಹತ್ತಾರು ಜನರ ಕುಟುಂಬಕ್ಕೆ ಎಂಥ ಪಾತ್ರೆಗಳು ಬೇಕಾಗುತ್ತಿದ್ದವು ಎಂಬ ಪ್ರಶ್ನೆಗಳು ಇಲ್ಲಿ ತಾವಾಗಿಯೇ ಏಳುತ್ತವೆ. ಮಕ್ಕಳಿಗೆ ಇದು ಪಾಠದ ಪುಸ್ತಕದಲ್ಲಿ ಸಿಗದ ಪಾಠ.

ಅರಮನೆಗೂ ಅದೇ ಮಣ್ಣು

ಈ ಮೂರೂ ತಾಲೂಕುಗಳನ್ನು ಒಂದು ಚರಿತ್ರೆ ಬೆಸೆದಿದೆ. ಕೆಳದಿ ಅರಸರ ರಾಜಧಾನಿ ಮೊದಲು ಸಾಗರ ತಾಲೂಕಿನ ಕೆಳದಿ, ಬಳಿಕ ಇಕ್ಕೇರಿ, ಆಮೇಲೆ ಈಗಿನ ಹೊಸನಗರ ತಾಲೂಕಿನ ಬಿದನೂರು. 1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಅದೇ ಇಂದಿನ ನಗರ. ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗವೂ ಕೆಳದಿ ಅರಸರ ಕೋಟೆ. ಅಲ್ಲಿನ ಅರಮನೆಯ ಅಡಿಪಾಯ, ಅಡುಗೆಮನೆಯ ಐದು ಕಡೆಯ ಕಲ್ಲಿನ ಒಲೆ, ಸ್ನಾನದ ಕೋಣೆ, ನೀರಿನ ಕಾಲುವೆಗಳನ್ನು ಇಂದಿಗೂ ಕಾಣಬಹುದು. ಗೋಡೆ, ಮಾಡುಗಳು ಮಾತ್ರ ಇಲ್ಲ.

ಆ ಕಲ್ಲಿನ ಒಲೆಯ ಮುಂದೆ ನಿಂತಾಗ ಒಂದು ವಿಷಯ ಮನಸ್ಸಿಗೆ ನಾಟುತ್ತದೆ. ಕಲ್ಲು ಒಂಟಿಯಾಗಿ ಉಳಿಯಬಲ್ಲದು. ಮಣ್ಣು ಮತ್ತು ಮರ ಹಾಗಲ್ಲ. ಅವು ಉಳಿಯಬೇಕಾದರೆ ಒಳಗೆ ಜನ ಇರಬೇಕು. ಒಲೆ ಉರಿಯಬೇಕು, ಹೊಗೆಯಾಡಿ ಗೆದ್ದಲು ದೂರವಿರಬೇಕು. ವರ್ಷ ವರ್ಷ ಹೆಂಚು ತಿರುವಿ ಹಾಕಬೇಕು, ನೆಲ ಸಾರಿಸಬೇಕು. ನಾಲ್ಕು ಮಳೆಗಾಲ ಬೀಗ ಹಾಕಿದ ಮನೆ ಮಲೆನಾಡಿನಲ್ಲಿ ಮನೆಯಾಗಿ ಉಳಿಯುವುದಿಲ್ಲ.

ಗೋಡೆಯ ಮೇಲೆ ಹೆಣ್ಣಿನ ಕೈ

ಹಾಗಾದರೆ ಇಷ್ಟು ಕಾಲ ಈ ಮನೆಗಳನ್ನು ಉಳಿಸಿದವರು ಯಾರು? ಕಟ್ಟಿದವರು ಬಡಗಿಗಳು, ಮೇಸ್ತ್ರಿಗಳು. ಆದರೆ ದಿನದಿನವೂ ಉಳಿಸಿದವರು ಹೆಂಗಸರು. 1623ರಲ್ಲಿ ಇಕ್ಕೇರಿಗೆ ಬಂದಿದ್ದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಸೆಗಣಿ ಸಾರಿಸಿದ ನೆಲದ ನುಣುಪು ಕಂಡು ಬೆರಗಾಗಿ, ತನ್ನ ದೇಶದಲ್ಲೂ ಇದನ್ನು ಮಾಡಿ ನೋಡಬೇಕೆಂದು ಬರೆದಿಟ್ಟ. ಸಾರಿಸಿದ ಹೆಣ್ಣಿನ ಹೆಸರು ಮಾತ್ರ ನಮಗೆ ತಿಳಿಯದು.

ಸಾಗರ ಸೀಮೆಯ ದೀವರ ಮಹಿಳೆಯರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಹೋದವರು ತಪ್ಪದೆ ನೋಡಬೇಕು. ಬಿಳಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿಯ ಬೀಜ. ಕುಂಚಕ್ಕೆ ಪುಂಡಿ ನಾರು. ಅಂಗಡಿಯಿಂದ ತಂದದ್ದು ಒಂದೂ ಇಲ್ಲ. ಮದುವೆಯ ಮನೆಯಲ್ಲಿ ಬರೆಯುವ ಈ ಚಿತ್ತಾರದ ಗೆರೆಗಳು ಸ್ಕೇಲು ಹಿಡಿದು ಎಳೆದಷ್ಟು ನೇರ. ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಇದು ಮಣ್ಣಿನ ಗೋಡೆಗೆ ಒಗ್ಗಿದ ಕಲೆ. ಸಿಮೆಂಟಿನ ಗೋಡೆ, ಡಿಸ್ಟೆಂಪರ್ ಬಂದಂತೆ ಚಿತ್ತಾರವೂ ಮನೆಯ ಗೋಡೆ ಬಿಟ್ಟು ಕಾಗದಕ್ಕೆ, ಬಟ್ಟೆಗೆ ಇಳಿಯಿತು.

ಮುಳುಗಿದ ಮನೆ, ಬೀಗ ಬಿದ್ದ ಮನೆ

ಸಾಗರ, ಹೊಸನಗರದ ಎಷ್ಟೋ ಹಳೆಯ ಮನೆಗಳು ತಾವಾಗಿ ಬಿದ್ದವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಸೇರಿದವು. ನಾಡಿಗೆ ವಿದ್ಯುತ್ ಬಂತು. ನೆಲೆ ಕಳೆದುಕೊಂಡ ಕುಟುಂಬಗಳ ಭೂಮಿ ಹಕ್ಕಿನ ಸಮಸ್ಯೆ ಮಾತ್ರ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ನೀರಿನಿಂದ ಉಳಿದ ಮನೆಗಳನ್ನು ಇನ್ನೊಂದು ಕಷ್ಟ ಕಾಡಿತು. ಮಕ್ಕಳು ಓದಿ ಬೆಂಗಳೂರು ಸೇರಿದರು. ಮುದಿ ತಂದೆ-ತಾಯಿ ಇಬ್ಬರೇ ಹತ್ತು ಕೋಣೆಯ ಮನೆಯಲ್ಲಿ ಉಳಿದರು. ಹೆಂಚು ತಿರುವಿ ಹಾಕಲು ಜನ ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಡಲು ಅಡಿಕೆಯ ಬೆಲೆ ನಿಲ್ಲುವುದಿಲ್ಲ.

ಇಂಥ ಮನೆಗಳಿಗೆ ಅತಿಥಿಗಳ ಹಣ ಈಗ ಒಂದು ಆಸರೆ. ನಾಲ್ಕು ಕೋಣೆ ಪ್ರವಾಸಿಗರಿಗೆ ಬಿಟ್ಟರೆ ಮಾಡು ರಿಪೇರಿಯ ಖರ್ಚಿಗೆ ದಾರಿಯಾಗುತ್ತದೆ. ಮನೆಯವರೂ ಅಲ್ಲೇ ಉಳಿಯುತ್ತಾರೆ. ಹಪ್ಪಳ, ಉಪ್ಪಿನಕಾಯಿ ಮಾರಿ ಮನೆಯ ಹೆಣ್ಣುಮಕ್ಕಳ ಕೈಗೂ ನಾಲ್ಕು ಕಾಸು ಬರುತ್ತದೆ.

ಆದರೆ ಪ್ರವಾಸೋದ್ಯಮ ಎಲ್ಲ ಕಡೆಯೂ ಹೀಗೆ ವಿನಯದಿಂದ ಬರುವುದಿಲ್ಲ. 2025ರ ಜುಲೈ 14ರಂದು ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅದರ ಉದ್ದ 2.44 ಕಿಲೋಮೀಟರು. ಲಾಂಚಿಗಾಗಿ ಕಾದು ನಿಲ್ಲುತ್ತಿದ್ದ ತುಮರಿ ಕಡೆಯ ಜನರಿಗೆ, ಅದರಲ್ಲೂ ಗರ್ಭಿಣಿಯರಿಗೆ, ರೋಗಿಗಳಿಗೆ ಇದು ದಶಕಗಳ ಕನಸು. ಅದೇ ಸೇತುವೆಯ ಮೇಲೆ ಪ್ರವಾಸಿಗರ ವಾಹನಗಳೂ ಬರುತ್ತವೆ. ಬಂದವರಿಗೆ ಇದ್ದ ಮನೆಯಲ್ಲಿ ಜಾಗ ಕೊಟ್ಟರೆ ಊರು ಉಳಿಯುತ್ತದೆ. ಗುಡ್ಡ ಕಡಿದು, ಈಜುಕೊಳ ತೋಡಿ, ಕಾಂಕ್ರೀಟಿನ ಕಂಬಕ್ಕೆ ಮರದ ಬಣ್ಣ ಬಳಿದು ‘ಪರಿಸರಸ್ನೇಹಿ’ ಎಂದು ಫಲಕ ಹಾಕಿದರೆ ಏನಾದೀತು? 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ವಯನಾಡಿನಲ್ಲಿ ಗುಡ್ಡಗಳು ಕುಸಿದು ಜೀವಗಳು ಹೋದದ್ದನ್ನು ನಾವು ಕಂಡಿದ್ದೇವೆ. ಕಾರಣ ಭಾರೀ ಮಳೆ. ಆದರೆ ಇಳಿಜಾರನ್ನು ಕಡಿದು ಸಡಿಲಗೊಳಿಸಿದರೆ ಆ ಮಳೆಯ ಕೆಲಸ ಸುಲಭವಾಗುತ್ತದೆ ಎಂಬುದನ್ನು ತಿಳಿದವರು ಹೇಳುತ್ತಲೇ ಇದ್ದಾರೆ. ಹಳೆಯ ಮನೆ ಗುಡ್ಡವನ್ನು ಗೌರವಿಸಿ ಅದರ ಕಾಲಬುಡದಲ್ಲಿ ಕುಳಿತಿತ್ತು. ಹೆಂಚು ಹೊದಿಸಿದ ಮಾತ್ರಕ್ಕೆ ಹೊಸ ಕಟ್ಟಡಕ್ಕೆ ಆ ಗುಣ ಬರುವುದಿಲ್ಲ.

ಹೋಗುವವರಿಗೆ ಒಂದೆರಡು ಮಾತು

ಕುಟುಂಬ ಸಮೇತ ಹೋಗುವ ಸಹೋದರಿಯರು ಕೆಲವು ವಿಷಯ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮನೆಯವರು ಅಲ್ಲೇ ವಾಸವಿದ್ದಾರೆಯೇ? ಹೋಮ್‌ಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ? ಕೋಣೆಗೆ ಪ್ರತ್ಯೇಕ ಬಚ್ಚಲು ಇದೆಯೇ? ಸಸ್ಯಾಹಾರಿ ಮನೆಯಾದರೆ ಊಟದ ಬಗ್ಗೆ ನಮಗೆ ಚಿಂತೆಯೇ ಇಲ್ಲ. ಅಕ್ಕಿ ರೊಟ್ಟಿ, ಕಡುಬು, ಕಳಲೆ ಪಲ್ಯ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ ತಿಂದ ಮಕ್ಕಳು ಬೇಕರಿ ತಿಂಡಿ ಕೇಳುವುದನ್ನೇ ಮರೆಯುತ್ತಾರೆ. ಉಪ್ಪರಿಗೆಯ ಮೂಲೆಯಲ್ಲಿ ಶುಭ್ರವಾದ ಚಾಪೆ ಹಾಸಿಕೊಂಡು ನಮಾಝ್ ನಿರ್ವಹಿಸುತ್ತೇವೆ ಎಂದರೆ, ನನ್ನ ಅನುಭವದಲ್ಲಿ, ಬೇಡ ಎಂದವರಿಲ್ಲ. ಕಿಬ್ಲಾ ಯಾವ ಕಡೆ ಎಂದು ನಾವು ನೋಡುತ್ತಿದ್ದರೆ, ಸೂರ್ಯ ಮುಳುಗುವ ದಿಕ್ಕನ್ನು ಮನೆಯ ಯಜಮಾನರೇ ತೋರಿಸಿದ್ದೂ ಉಂಟು.

ಅತಿಥಿಯನ್ನು ಆದರಿಸುವ ಪಾಠವನ್ನು ನಾವು ಮದ್ರಸಾದಲ್ಲಿ ಕಲಿತಿದ್ದೇವೆ. ಆತಿಥೇಯನಿಗೆ ಹೊರೆಯಾಗದಂತೆ ನಡೆದುಕೊಳ್ಳುವ ಪಾಠವೂ ಅದರ ಜೊತೆಗೇ ಇದೆ. ಕಾಡಿನ ಅಂಚಿನಲ್ಲಿ ಪ್ಲಾಸ್ಟಿಕ್ ಎಸೆಯದಿರುವುದು, ರಾತ್ರಿ ಗದ್ದಲ ಮಾಡದಿರುವುದು, ಹಂಡೆಯ ಬಿಸಿನೀರನ್ನು ಮಿತವಾಗಿ ಬಳಸುವುದು, ಅಡುಗೆ ಮಾಡಿದ ತಾಯಿಗೆ ಹೊರಡುವಾಗ ಒಂದು ಮಾತು ಹೇಳುವುದು ಇವೆಲ್ಲ ಸಣ್ಣ ವಿಷಯಗಳೇ. ಆದರೆ ಬೇಡಿಕೆ ಇದ್ದ ಕಡೆಗೇ ಕಟ್ಟುವವರೂ ನಡೆಯುತ್ತಾರೆ. ನಾವು ಈಜುಕೊಳ ಕೇಳಿದರೆ ಗುಡ್ಡ ಕಡಿಯುತ್ತಾರೆ. ತೊಟ್ಟಿಮನೆಯ ಜಗಲಿಯಲ್ಲಿ ಕುಳಿತು ಮಳೆ ನೋಡುವುದೇ ಸಾಕು ಎಂದರೆ, ಇನ್ನೊಂದು ಮಳೆಗಾಲಕ್ಕೆ ಮುನ್ನ ಒಂದು ಹಳೆಯ ಮನೆಯ ಹೆಂಚನ್ನು ತಿರುವಿ ಹಾಕಿಸುತ್ತಾರೆ.