ಒಳ್ಳೆ ಚಿತ್ರ ಸೋತಿತು, ಅಗ್ಗದ ಸಿಡಿ ಗೆದ್ದಿತು

ಚಿತ್ರ ಚೆನ್ನಾಗಿ ಕಂಡರೆ ಜನ ತಗೊಳ್ತಾರೆ ಅಂತ ಕಂಪನಿಗಳು ಅಂದುಕೊಳ್ಳುತ್ತವೆ. ಜನರ ಲೆಕ್ಕ ಬೇರೆ.

ಜಪಾನಿನ ಸೋನಿ 1975ರಲ್ಲಿ ಬೀಟಾಮ್ಯಾಕ್ಸ್ ಎಂಬ ವಿಡಿಯೊ ಕ್ಯಾಸೆಟ್ ತಂದಿತು. ಮರುವರ್ಷ ಜೆವಿಸಿಯ ವಿಎಚ್‌ಎಸ್ ಬಂತು. ಚಿತ್ರದಲ್ಲಿ ಬೀಟಾಮ್ಯಾಕ್ಸ್ ಒಂದು ಕೈ ಮೇಲು ಅನ್ನುತ್ತಿದ್ದರು. ಆದರೆ ಅದರ ಮೊದಲ ಕ್ಯಾಸೆಟ್‌ನಲ್ಲಿ ಹಿಡಿಸುತ್ತಿದ್ದುದು ಒಂದೇ ಗಂಟೆ, ವಿಎಚ್‌ಎಸ್‌ನಲ್ಲಿ ಎರಡು. ಸಿನಿಮಾ ಅರ್ಧಕ್ಕೇ ನಿಂತರೆ ಯಾರಿಗೆ ಬೇಕು? ಜೆವಿಸಿ ತನ್ನ ತಂತ್ರವನ್ನು ಬೇರೆ ಕಂಪನಿಗಳಿಗೂ ಕೊಟ್ಟಿತು. ಯಂತ್ರ ಹೆಚ್ಚಾದವು, ಬಾಡಿಗೆ ಕ್ಯಾಸೆಟ್ಟೂ ಹೆಚ್ಚಾದವು. ಪಕ್ಕದ ಮನೆಯಲ್ಲಿ ಯಾವುದಿದೆಯೋ ಅದನ್ನೇ ಕೊಂಡರೆ ಕ್ಯಾಸೆಟ್ ಅದಲುಬದಲು ಮಾಡಿಕೊಳ್ಳಬಹುದಲ್ಲ!

ನಮ್ಮ ಕಡೆ ಗೆದ್ದದ್ದು ವಿಸಿಡಿ. 1993ರಲ್ಲಿ ಬಂದ ಇದು ಅಮೆರಿಕದಲ್ಲಿ ಹೆಚ್ಚು ಓಡಲಿಲ್ಲ. ಚಿತ್ರ ಹೆಚ್ಚುಕಮ್ಮಿ ಕ್ಯಾಸೆಟ್ಟಿನಷ್ಟೇ, ಒಂದು ಸಿನಿಮಾಕ್ಕೆ ಎರಡು ಸಿಡಿ. ಆದರೆ ಅಗ್ಗ, ಹಳೇ ಟಿವಿಗೇ ವೈರ್ ಸಿಕ್ಕಿಸಿದರೆ ಸಾಕು, ಹಿಂದಕ್ಕೆ ಸುತ್ತುವ ಕೆಲಸ ಇಲ್ಲ. ಗಣೇಶನ ಹಬ್ಬಕ್ಕೆ ನಮ್ಮೂರಲ್ಲಿ ಟಿವಿ, ಪ್ಲೇಯರ್ ಬಾಡಿಗೆಗೆ ತಂದು ರಾತ್ರಿಯೆಲ್ಲ ಸಿನಿಮಾ ಹಾಕುತ್ತಿದ್ದರು. ಸಿಡಿ ಬದಲಿಸುವ ಹೊತ್ತೇ ಇಂಟರ್ವಲ್. ಸಿಡಿ ತಡವರಿಸಿದರೆ ಪಂಚೆಯ ಅಂಚಿಗೆ ಉಜ್ಜಿ ಮತ್ತೆ ಹಾಕುವುದು. ಪೂರ್ತಿ ಹಾಳಾದದ್ದು ಹಕ್ಕಿ ಬೆದರಿಸಲು ಹೊಲಕ್ಕೆ ಹೋಗುತ್ತಿತ್ತು.

ಆಮೇಲೆ ಬಂದ ಡಿವಿಡಿ ಪ್ಲೇಯರ್‌ನಲ್ಲಿ ಹಳೇ ವಿಸಿಡಿಯೂ ಓಡುತ್ತಿತ್ತು. ಇದ್ದದ್ದನ್ನು ಬಿಸಾಡಬೇಕಿರಲಿಲ್ಲ, ಹಾಗಾಗಿ ಅದೂ ಮನೆ ಸೇರಿತು. ಮೋಸರ್ ಬೇರ್ ಕಂಪನಿಯಂತೂ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೇ ಮಾರಿತು. ಬ್ಲೂ-ರೇ ಕತೆ ಬೇರೆ. 2008ರಲ್ಲಿ ತೊಷಿಬಾ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಾಗ ಬ್ಲೂ-ರೇ ಗೆದ್ದಿತು, ಆದರೆ ನಮ್ಮೂರಿಗೆ ಬರಲೇ ಇಲ್ಲ. ಅದರ ಅಂದ ಕಾಣಲು ಹೊಸ ಟಿವಿ ಬೇಕು. ಅಷ್ಟರಲ್ಲಿ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡ್‌ಗೆ ಸಿನಿಮಾ ತುಂಬಿಸಿ ಕೊಡಲು ಶುರು ಮಾಡಿದ್ದರು.

ಸಿನಿಮಾ ಹೇಗೋ ಹೊಸ ರೂಪದಲ್ಲಿ ಮತ್ತೆ ಸಿಗುತ್ತದೆ. ನಾವೇ ತೆಗೆಸಿದ ವಿಡಿಯೊ ಹಾಗಲ್ಲ. ಜಪಾನಿನ ಫುನೈ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರ ಬರುವುದೇ ನಿಂತಿತು. ನಮ್ಮಕ್ಕನ ಮದುವೆ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿತ್ತು. ಹೋದ ವರ್ಷ ಪಟ್ಟಣದ ಸ್ಟುಡಿಯೊಗೆ ಒಯ್ದೆ. ಬೂಷ್ಟು ಹಿಡಿದಿತ್ತು, ಅರ್ಧವಷ್ಟೇ ಉಳಿಯಿತು. ಆ ಅರ್ಧದಲ್ಲಿ ತಾತ ಅಕ್ಷತೆ ಹಾಕಿ, ಪೇಟ ಸರಿಮಾಡಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ತಾತ ಓಡಾಡುವ ಚಿತ್ರ ನಮ್ಮ ಮನೆಯಲ್ಲಿ ಇರುವುದು ಅದೊಂದೇ. ಅವ್ವ ಅದನ್ನು ಮೂರು ಸಲ ಹಾಕಿಸಿಕೊಂಡಳು.

ನಿಮ್ಮ ಅಟ್ಟದ ಮೇಲೂ ಮದುವೆ ಕ್ಯಾಸೆಟ್ ಇದ್ದರೆ ಈ ತಿಂಗಳೇ ಇಳಿಸಿ. ಯಂತ್ರ ಇಟ್ಟುಕೊಂಡಿರುವ ಸ್ಟುಡಿಯೊ ಹುಡುಕಿ, ಪೆನ್ ಡ್ರೈವ್‌ಗೆ ಹಾಕಿಸಿ. ಪೆನ್ ಡ್ರೈವೂ ಶಾಶ್ವತವಲ್ಲ, ಇನ್ನೊಂದು ಪ್ರತಿ ಬೇರೆ ಕಡೆ ಇಡಿ.