ಗುಮ್ಮಟದ ಹತ್ತಿರವಿದ್ದೂ ನೋಡದವರು

ನಿಮ್ಮೂರಿನ ಸಮೀಪದ ಪ್ರಸಿದ್ಧ ಸ್ಥಳವನ್ನು ನೀವು ನೋಡಿದ್ದೀರಾ? ದೆಹಲಿ, ಹೈದರಾಬಾದ್ ಸುತ್ತಿ ಬಂದವರು ನಮ್ಮಲ್ಲಿದ್ದಾರೆ. ಆದರೆ ವಿಜಯಪುರದಿಂದ ಸುಮಾರು 25 ಕಿ.ಮೀ. ದೂರದ ಬಬಲೇಶ್ವರಕ್ಕೆ ಸೊಸೆಯಾಗಿ ಬಂದು ಐವತ್ತು ವರ್ಷ ಕಳೆದ ನನ್ನ ದೊಡ್ಡ ಖಾಲಾ ಗೋಲ್ ಗುಮ್ಮಟದೊಳಗೆ ಕಾಲಿಟ್ಟಿರಲಿಲ್ಲ. ಆಸ್ಪತ್ರೆಗೆ, ಮದುವೆಯ ಜವಳಿಗೆ ಎಷ್ಟೋ ಸಲ ನಗರಕ್ಕೆ ಹೋಗಿದ್ದಾರೆ. ದೂರದಿಂದ ಗುಮ್ಮಟ ಕಂಡಿದೆ. ಕೇಳಿದರೆ, "ಯಾರ ಕರ್ಕೊಂಡ ಹೋಗ್ಯಾರವಾ?" ಎಂದು ನಗುತ್ತಿದ್ದರು.

ಫೆಬ್ರವರಿಯ ಒಂದು ಭಾನುವಾರ ಬಾಡಿಗೆ ಜೀಪು ಮಾಡಿದೆವು. ನಾವು ಏಳು ಮಂದಿ ಹೆಂಗಸರು, ಜೊತೆಗೆ ಚಾಲಕ. ತಂಗಿಯನ್ನು ಕರೆದುಕೊಳ್ಳಬೇಕಿದ್ದರಿಂದ ನೇರ ದಾರಿ ಬಿಟ್ಟು ತಿಕೋಟಾ ಮೇಲೆ ಹೋದೆವು.

ತಿಕೋಟಾ ಸೀಮೆಯೆಂದರೆ ದ್ರಾಕ್ಷಿ. ರಸ್ತೆಯ ಪಕ್ಕದ ಶೆಡ್ಡುಗಳಲ್ಲಿ ಬಲೆಗಳ ಮೇಲೆ ಗೊಂಚಲು ಹರವಿ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ನಮ್ಮ ಶೀರ್ ಖುರ್ಮಾದ ದ್ರಾಕ್ಷಿಯನ್ನು ಇಂಥ ಶೆಡ್ಡುಗಳಲ್ಲಿ ಆರಿಸುವವರೂ ಹೆಚ್ಚಾಗಿ ಹೆಂಗಸರೇ. ಮಳೆ ಕಡಿಮೆಯ ಈ ನೆಲದಲ್ಲಿ ಬಳ್ಳಿ ಉಳಿಸಲು ಟ್ಯಾಂಕರ್ ನೀರು ಹಾಕಿದ ವರ್ಷಗಳನ್ನು ತಂಗಿ ಹೇಳುತ್ತಾ ಬಂದಳು.

ನೀರಿನ ಮಾತು ತೊರವಿಯವರೆಗೂ ಮುಗಿಯಲಿಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ನಗರಕ್ಕೆ ನೀರು ಹೋಗುತ್ತಿದ್ದುದು ಇಲ್ಲಿಂದಲೇ. ನೆಲದಡಿಯ ಸುರಂಗ, ಇಳಿಜಾರಿನಲ್ಲಿ ತಾನೇ ಹರಿಯುವ ನೀರು, ಹೂಳೆತ್ತಲು ಅಲ್ಲಲ್ಲಿ ಬಾವಿಯಂಥ ಕಿಂಡಿ. ನಗರದೊಳಗೆ ನೀರಿನ ಒತ್ತಡ ತಗ್ಗಿಸಲು ಕಟ್ಟಿದ 'ಗಂಜ್' ಗೋಪುರಗಳು ಇಂದಿಗೂ ನಿಂತಿವೆ. ಮಾರ್ಗದರ್ಶಕರು ಇದನ್ನು ಯಾಕೆ ತೋರಿಸುವುದಿಲ್ಲವೋ! ತೊರವಿಯಲ್ಲಿ ಈಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಖಾಲಾರ ಮೊಮ್ಮಗಳಿಗೆ ಅಲ್ಲಿ ಎಂ.ಎ. ಓದುವಾಸೆ. ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಅವಳು ಗೇಟನ್ನೇ ನೋಡುತ್ತಿದ್ದಳು, ಖಾಲಾ ಅವಳನ್ನು ನೋಡುತ್ತಿದ್ದರು.

ಇಬ್ರಾಹಿಂ ರೋಜಾದ ಕೆತ್ತನೆ ನೋಡಲು ಒಂದು ದಿನವೂ ಸಾಲದು. ಎರಡನೇ ಇಬ್ರಾಹಿಂ ಆದಿಲ್ ಶಾ ಅದನ್ನು ರಾಣಿ ತಾಜ್ ಸುಲ್ತಾನಾಳಿಗಾಗಿ ಕಟ್ಟಿಸಿದ. ಆದರೆ 1627ರಲ್ಲಿ ಆತನೇ ಮೊದಲು ತೀರಿಕೊಂಡ. ಅವಳ ಹೆಸರಿನದೇ ತಾಜ್ ಬಾವಡಿ. ದೊಡ್ಡ ಕಮಾನು, ಎರಡು ಬದಿ ಗೋಪುರ, ನೀರಿಗಿಳಿಯುವ ಮೆಟ್ಟಿಲು. ಖಾಲಾ ಅತಿ ಹೆಚ್ಚು ಹೊತ್ತು ಕುಳಿತದ್ದು ಇಲ್ಲಿಯೇ. ಹರೆಯದಲ್ಲಿ ತಲೆಯ ಮೇಲೆ ಕೊಡ ಹೊತ್ತವರಿಗೆ ಬಾವಿಯ ಬೆಲೆ ಗೊತ್ತು.

ನಗರದಲ್ಲಿ ಚಾಂದ್ ಬೀಬಿಯ ಹೆಸರಿನ ಚಾಂದ್ ಬಾವಡಿಯೂ ಇದೆ. 1580ರಲ್ಲಿ ಪತಿ ಒಂದನೇ ಅಲಿ ಆದಿಲ್ ಶಾ ಕೊಲೆಯಾದಾಗ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡವಳು ಆಕೆ. ಮುಂದೆ 1595ರಲ್ಲಿ ಅಕ್ಬರನ ಸೈನ್ಯದೆದುರು ಅಹ್ಮದ್‌ನಗರದ ಕೋಟೆ ಕಾಯ್ದಳು. ಇದನ್ನು ಜೀಪಿನಲ್ಲಿ ಹೇಳಿದಾಗ ಮೊಮ್ಮಗಳು, "ಕೇಳಿದಿರೇನು, ದಾದಿ?" ಎಂದಳು. ಖಾಲಾ ಉತ್ತರಿಸಲಿಲ್ಲ.

ಜಾಮಿಯಾ ಮಸೀದಿ ನೋಡಿಕೊಂಡು ಗೋಲ್ ಗುಮ್ಮಟ ತಲುಪುವಾಗ ಬಿಸಿಲು ಇಳಿದಿತ್ತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾನ ಸಮಾಧಿಯಿದು. ಸುಮಾರು 44 ಮೀಟರ್ ಅಗಲದ ಗುಮ್ಮಟದ ಕೆಳಗೆ ಒಂದು ಕಂಬವೂ ಇಲ್ಲ. ಮೂಲೆಯ ಗೋಪುರಗಳಿಗೆ ಏಳು ಅಂತಸ್ತು. ಮೊಣಕಾಲು ನೋವಿನ ಖಾಲಾ ಕೆಳಗೇ ಕೂರುವರೆಂದುಕೊಂಡಿದ್ದೆವು. ಅವರು ಪ್ರತಿ ಅಂತಸ್ತಿನಲ್ಲೂ ಕುಳಿತು, ಎದ್ದು, ಗೋಡೆ ಹಿಡಿದು ಮೇಲೆ ಬಂದರು. (ನೀವು ಹೋಗುವುದಾದರೆ ಬೆಳಿಗ್ಗೆಯೇ ಹತ್ತಿರಿ. ಆಮೇಲೆ ಮಕ್ಕಳ ಕೂಗಿನಲ್ಲಿ ಪಿಸುಮಾತು ಕೇಳಿಸದು.)

ನಮಗೂ ಮೊದಲು ಕೂಗಾಟವೇ ಕೇಳಿಸಿತು. ಒಂದು ಶಾಲೆಯ ಮಕ್ಕಳು ಇಳಿದು ಹೋದ ಮೇಲೆ ಮೊಮ್ಮಗಳು ಆಚೆ ಬದಿಗೆ ಹೋಗಿ ಗೋಡೆಗೆ ಮುಖವಿಟ್ಟಳು. ಈಚೆ ಖಾಲಾ ಕಿವಿಗೊಟ್ಟರು. ಅವಳೇನು ಹೇಳಿದಳೋ ನಮಗೆ ತಿಳಿಯದು. ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು, ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದರು: "ನಿಮ್ಮಪ್ಪಗ ನಾ ಹೇಳ್ತೀನಿ."