ಅಕ್ಷರವಿಲ್ಲದ ಎಲೆಗಳು

ದಶಾಶ್ವಮೇಧ ಘಾಟಿನ ಮೇಲಿನ ಮೆಟ್ಟಿಲುಗಳಲ್ಲಿ, ಬಿದಿರಿನ ಛತ್ರಿಯೊಂದರ ನೆರಳಿನಲ್ಲಿ ಕುಳಿತು ನಾವು ಆ ಪೆಟ್ಟಿಗೆಯನ್ನು ಮೊದಲ ಬಾರಿಗೆ ತೆರೆದೆವು. ಮೈಸೂರಿನಿಂದ ಕಾಶಿಯಾತ್ರೆಗೆ ಬಂದಿದ್ದ ನಮ್ಮ ಮೇಷ್ಟ್ರು ಅದನ್ನು ಪಂಚೆಗಳ ನಡುವೆ ಸುತ್ತಿ ಜೋಪಾನವಾಗಿ ತಂದಿದ್ದರು. ಒಳಗಿದ್ದುದು ಕೈಯಿಂದ ಬರೆದ ದಶಾವತಾರ ಗಂಜೀಫಾ. ಬ್ರಹ್ಮನು ಹತ್ತು ಅಶ್ವಮೇಧಗಳನ್ನು ಮಾಡಿದನೆಂಬ ಸ್ಥಳದಲ್ಲಿ ಹತ್ತು ಅವತಾರಗಳು ಕೈಗೆ ಬಂದುವೆಂದು ಮೇಷ್ಟ್ರು ಎರಡೆರಡು ಸಲ ಹೇಳಿ ಸಂತೋಷಪಟ್ಟರು.

ನಮ್ಮ ಸಂತೋಷದಲ್ಲಿ ಸ್ವಲ್ಪ ಅಳುಕಿತ್ತು. ದೆಹಲಿಯಿಂದ ಬರುವಾಗ ರೈಲಿನಲ್ಲಿ ನಾವಿಬ್ಬರೂ ಮಗನನ್ನು ಗದರಿಸಿದ್ದೆವು. ಹನ್ನೆರಡರ ಹುಡುಗ, 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಆಟದ ಹುಚ್ಚು ಅವನಿಗೆ. ಹೊಸ ಕಟ್ಟು ಮಾರಾಟಕ್ಕೆ ಬರುವ ಮೊದಲೇ ಅದರ ಎಲೆಗಳ ಚಿತ್ರಗಳು ಒಂದೊಂದಾಗಿ ಹೊರಬೀಳುತ್ತವೆ. ಮೇಲ್ತುದಿಯಲ್ಲಿ ಆಡಲು ತಗಲುವ ಬೆಲೆ, ಕೆಳಗೆ ಪ್ರಾಣಿಯ ಬಲ, ನಡುವೆ ಅದರ ಮಹಿಮೆಯ ನಾಲ್ಕು ಸಾಲು. ಓದಿದ ನಿಮಿಷದಲ್ಲೇ ಅವನ ತೀರ್ಪು ಸಿದ್ಧ: ಇದು ಗಟ್ಟಿ, ಇದು ಕಸ. ಕಾಗದದ ತುಂಡುಗಳಿಗೆ ಇಷ್ಟು ಹಣವೇ ಎಂದು ಕೇಳಿದ್ದ ನಾವು, ಮೇಷ್ಟ್ರ ಚೀಲದಲ್ಲಿ ಬರುತ್ತಿದ್ದ ಕಾಗದದ ತುಂಡುಗಳಿಗೆ ಅದಕ್ಕಿಂತ ಹೆಚ್ಚು ತೆತ್ತಿದ್ದೆವು. ಅದನ್ನು ಅವನಿಗೆ ಹೇಳಿರಲಿಲ್ಲ.

ಗುಂಡಗಿನ ನೂರಿಪ್ಪತ್ತು ಎಲೆಗಳು. ಹತ್ತು ಪಂಗಡ, ಪಂಗಡಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಸಂಖ್ಯೆಯ ಎಲೆಗಳು. ನಾವು ಕಂಡದ್ದು ಮತ್ಸ್ಯರಾಜನ ಮೈಯ ಸಣ್ಣ ಸಣ್ಣ ಪೊರೆಗಳನ್ನು, ಅಂಚಿನ ಹೊನ್ನ ಬಣ್ಣವನ್ನು, ಕುಂಚದ ಕೂದಲೆಳೆಯಂಥ ಗೆರೆಯನ್ನು. ಬೈಠಕ್ ಖಾನೆಯ ಗೋಡೆಯನ್ನು ಆಗಲೇ ಅಳೆದಿಟ್ಟಿದ್ದೆವು. ಗಾಜಿನ ಚೌಕಟ್ಟಿನಲ್ಲಿ ಹತ್ತು ರಾಜರು ಸಾಲಾಗಿ ಚೆನ್ನಾಗಿ ಕಾಣುತ್ತಾರೆ ಎಂಬುದೇ ನಮ್ಮ ಮೊದಲ ಅನಿಸಿಕೆ.

ಹುಡುಗ ಎಲೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದರಲ್ಲಿ ಏನೂ ಬರೆದೇ ಇಲ್ಲವಲ್ಲ ತಾತ. ಪವರ್ ಎಷ್ಟು ಅಂತ ಗೊತ್ತಾಗೋದು ಹೇಗೆ?"

"ಗೊತ್ತಿರಬೇಕಪ್ಪ," ಎಂದರು ಮೇಷ್ಟ್ರು.

ಒಂದೇ ಚಿಹ್ನೆಯಿದ್ದ ಎಲೆಯೊಂದನ್ನು ಅವನು ಕಸವೆಂದು ಪಕ್ಕಕ್ಕಿಟ್ಟ. ಮೇಷ್ಟ್ರು ನಕ್ಕರು. ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ಒಂದು ಹತ್ತನ್ನು ಸೋಲಿಸುತ್ತದೆ. ತುರುಫು ಎಂಬುದಿಲ್ಲ. ಹಗಲಿನಲ್ಲಿ ಆಟ ರಾಮನಿಂದ ಆರಂಭ, ರಾತ್ರಿಯಾದರೆ ಕೃಷ್ಣನಿಂದ. ಹುಡುಗನ ಕಣ್ಣು ಅರಳಿತು. ಹೊತ್ತು ನೋಡಿ ಬದಲಾಗುವ ನಿಯಮ ತನ್ನ ಆಟದಲ್ಲೂ ಇದೆ ಎಂದು ಅವನು ಹೇಳಿದ್ದನ್ನು ನಾವು ಮೊದಲ ಬಾರಿಗೆ ಪೂರ್ತಿ ಕೇಳಿದೆವು.

ಬಾಬರನು 1527ರಲ್ಲಿ ಸಿಂಧಿನ ಗೆಳೆಯನಿಗೆ ಗಂಜೀಫಾ ಕಳಿಸಿದ್ದುಂಟು. ಅಬುಲ್ ಫಜಲ್ ಅಕ್ಬರನ ಎಲೆಗಳನ್ನು ವರ್ಣಿಸಿದ್ದಾನೆ. ಆದರೆ ಹೊಸ ಎಲೆಗಳನ್ನು ಹುಟ್ಟಿಸುವ ಹುಚ್ಚಿನಲ್ಲಿ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಮನಾದವರು ವಿರಳ. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಅವರ ಚದ ಆಟಗಳ ವಿವರಣೆಯಿದೆ. ಕೆಲವು ಕಟ್ಟುಗಳಲ್ಲಿ 360 ಎಲೆ! ಅಷ್ಟನ್ನು ನೆನಪಿಟ್ಟು ಆಡಿದವರು ಅರಮನೆಯ ಹೊರಗೆ ಇದ್ದಿರಲಾರರು. ಮುಂದೆ ಕಲೆಯೇ ಬತ್ತುತ್ತಿದ್ದಾಗ ಅದಕ್ಕೆ ಮತ್ತೆ ಜೀವ ತಂದವರಲ್ಲಿ ಗಂಜೀಫಾ ರಘುಪತಿ ಭಟ್ಟರು ಪ್ರಮುಖರು. ಚಿತ್ರ ಉಳಿಯಿತು. ಆಡುವವರು? ನಾವೂ ಚೌಕಟ್ಟಿನ ಗಿರಾಕಿಗಳೇ ತಾನೆ. ಮನೆಯಲ್ಲಿ ಕನ್ನಡವನ್ನು ಸಹ ಹೀಗೆಯೇ ಇಟ್ಟುಕೊಂಡಿದ್ದೇವೆಯೋ ಏನೋ: ಕಪಾಟಿನಲ್ಲಿ ಪುಸ್ತಕಗಳ ಸಾಲು, ಹುಡುಗನ ಜಗಳವೆಲ್ಲ ಹಿಂದಿಯಲ್ಲಿ.

"ಆಡೋಣವಾ?" ಎಂದ ಅವನು. ಬಣ್ಣ ಹಾಳಾದೀತು ಎಂಬ ಮಾತು ನಮ್ಮ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಮೇಷ್ಟ್ರು ಶಾಲು ಹಾಸಿಯಾಗಿತ್ತು.

ಮೂರು ಕೈ: ಮೇಷ್ಟ್ರದೊಂದು, ಅವನದೊಂದು, ನಮ್ಮಿಬ್ಬರದೂ ಸೇರಿ ಒಂದು. ತಲೆಗೆ ನಲವತ್ತು ಎಲೆ. ಹುಡುಗನ ಅಂಗೈಗೆ ಹಿಡಿಸದೆ ಮತ್ತೆ ಮತ್ತೆ ಜಾರಿದವು. ಕೊಡಲಿ ಯಾರದು, ಕಮಂಡಲು ಯಾರದು ಎಂದು ಕೇಳಿ ಕೇಳಿ ಕಲಿತ. ತಪ್ಪಿದಾಗ ಕನ್ನಡದಲ್ಲಿಯೇ ವಾದಕ್ಕಿಳಿದ, ಏಕೆಂದರೆ ಮೇಷ್ಟ್ರಿಗೆ ಹಿಂದಿ ಬಾರದು. ನಾವು ಸಂಕೋಚವಿಲ್ಲದೆ ಸೋತೆವು.

ಎರಡನೆಯ ಆಟಕ್ಕೆ ಎಲೆ ಹಂಚುವ ಹೊತ್ತಿಗೆ ಸೂರ್ಯ ನಮ್ಮ ಬೆನ್ನ ಹಿಂದಿನ ಕಟ್ಟಡಗಳ ಮರೆಗೆ ಇಳಿದಿದ್ದ. ಕೆಳಗೆ ಆರತಿಯ ಮಣೆಗಳನ್ನು ಜೋಡಿಸುತ್ತಿದ್ದರು. "ಈಗ ರಾಮನೋ ಕೃಷ್ಣನೋ?" ಎಂದು ಹುಡುಗ ಕೇಳಿದ. ಮೇಷ್ಟ್ರು ಆಕಾಶ ನೋಡಿದರು, ನದಿ ನೋಡಿದರು, ನಿರ್ಧರಿಸಲಾಗಲಿಲ್ಲ. ಜನ ನುಗ್ಗತೊಡಗಿದರು, ಶಾಲು ಮಡಚಬೇಕಾಯಿತು.

ಕೋಣೆಗೆ ಮರಳಿ ಎಣಿಸಿದರೆ ನೂರಹತ್ತೊಂಬತ್ತು. ನಮ್ಮ ಎದೆ ಧಸಕ್ಕೆಂದಿತು. ಹುಡುಗ ಮಾತಾಡದೆ ತನ್ನ ಚೀಲ ತೆಗೆದ. ಮಧ್ಯಾಹ್ನ ತಾನು ಕಸವೆಂದಿದ್ದ ಆ ಎಲೆಯನ್ನು ಅವನು ತನ್ನ ಪ್ಲಾಸ್ಟಿಕ್ ಕವಚವೊಂದರಲ್ಲಿ ಇಟ್ಟುಕೊಂಡಿದ್ದ. ಚೌಕದ ಕವಚದೊಳಗೆ ಗುಂಡಗಿನ ಎಲೆ ಅತ್ತಿತ್ತ ಜಾರುತ್ತಿತ್ತು.